ನೀರು ನಿಲ್ಲಿಸುವವಳ ಪಾತ್ರ

ನಮ್ಮ ಮನೆಯ ಕಪಾಟಿನಲ್ಲಿ ಒಂದು ರೇನ್‌ಕೋಟು ಇದೆ. ಸಿಂದಗಿಯಲ್ಲಿ ಇರುವವರಿಗೆ ರೇನ್‌ಕೋಟು ಯಾಕೆ ಬೇಕು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆ ಮಳೆ ಬಂದರೆ ಜನ ಅಂಗಳಕ್ಕೆ ಬಂದು ನಿಂತು ನೆನೆಯುತ್ತಾರೆಯೇ ಹೊರತು ಕೋಟು ಹುಡುಕುವುದಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ನಮ್ಮವರು ಎಷ್ಟೋ ವರ್ಷಗಳ ಹಿಂದೆ ಒಂದು ತರಬೇತಿಗೆಂದು ಕಾರವಾರಕ್ಕೆ ಹೋದಾಗ ಅದನ್ನು ಕೊಂಡಿದ್ದರು. ತರಬೇತಿ ಮುಗಿಸಿ ವಾಪಸು ಬಂದ ಮೇಲೆ, ಅವರಿಗಿಂತ ಬಹಳ ಮೊದಲೇ ಕೋಟಿಗೆ ನಿವೃತ್ತಿಯಾಯಿತು.

ಮೊನ್ನೆ ಹಬ್ಬಕ್ಕೆಂದು ಕಪಾಟು ಖಾಲಿ ಮಾಡುವಾಗ ಅದು ಕೈಗೆ ಬಂತು. ಒಂದು ಕಾಲಕ್ಕೆ ಕಂದು ಬಣ್ಣದ್ದಾಗಿತ್ತು, ಈಗ ಬೆಳ್ಳಿ ಬಣ್ಣ. ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಇದನ್ನು ಹಳೆ ಸಾಮಾನಿನವನಿಗೆ ಹಾಕಿಬಿಡಲೇ ಎಂದು ಕೇಳಿದೆ.

"ಒಂದು ಊರು ಆಳಿದ ಅಂಗಿ ಅದು, ಹೊರಗ ಒಗೀಬ್ಯಾಡ," ಎಂದರು ನಮ್ಮವರು, ಪೇಪರಿನಿಂದ ತಲೆ ಎತ್ತದೆ.

ಅವರು ಹೇಳಿದ್ದು ಸುಳ್ಳಲ್ಲ. ಆ ಕೋಟು ತೊಟ್ಟುಕೊಂಡು ನಾನು ಒಂದು ಊರನ್ನು ಆಳಿದ್ದೇನೆ. ಊರಿನ ಬಾವಿಗಳಿಗೆಲ್ಲ ಬೀಗ ಹಾಕಿಸಿದ್ದೇನೆ. ಮಕ್ಕಳಿಗೆ ಅಳು ಬರಿಸಿದ್ದೇನೆ. ಎಲ್ಲವೂ ಸಿನಿಮಾದಲ್ಲಿ, ಗಾಬರಿಯಾಗಬೇಡಿ. ಉಳಿದ ದಿನಗಳಲ್ಲಿ ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ, ಮಂಡಿನೋವಿನ, ಸಾಧಾರಣ ಹೆಂಗಸು.

ಆದರೆ ಕೆಟ್ಟವರ ಪಾತ್ರ ನನಗೆ ಹೊಸದಲ್ಲ. ನಾನು ಹುಟ್ಟಿದ್ದು ಬಾಗೇವಾಡಿ ಹತ್ತಿರದ ಮಸೂತಿಯಲ್ಲಿ. ಅಲ್ಲಿಯ ಕನ್ನಡ ಸಾಲಿಯಲ್ಲಿ ನಾಟಕವಾದಾಗಲೆಲ್ಲ ನನಗೆ ಯಮನ ಪಾತ್ರ ಕಾಯಂ. ಹುಡುಗರಿಗಿಂತ ನಾನು ಒಂದು ಗೇಣು ಎತ್ತರ, ದನಿಯೋ ಹೊಲದ ಆ ಬದುವಿನಿಂದ ಈ ಬದುವಿಗೆ ಮುಟ್ಟುವಂಥದ್ದು. ಸೀತೆ, ಶಕುಂತಲೆ, ರಾಣಿ ಇವೆಲ್ಲ ಗೌಡರ ಮನೆಯ ಹುಡುಗಿಯರ ಪಾಲು. ನನ್ನ ಮುಖಕ್ಕೆ ಇದ್ದಿಲಿನಿಂದ ಮೀಸೆ ಬರೆಯುತ್ತಿದ್ದರು. ಒಮ್ಮೆ ನನ್ನನ್ನು ನೋಡಿ ಮುಂದಿನ ಸಾಲಿನ ಕೂಸೊಂದು ಕಿಟ್ಟನೆ ಕಿರುಚಿಕೊಂಡಿತು. ಅವತ್ತಿನಿಂದ ನಮ್ಮಣ್ಣ, "ಇಕೀನ ಹಾಲಿನ ಮುಂದ ನಿಲ್ಲಸಬ್ಯಾಡ್ರಿ, ಒಡದೀತು," ಎಂದು ಬಂದವರ ಮುಂದೆಲ್ಲ ಹೇಳತೊಡಗಿದ. ಟೆಂಟ್ ಟಾಕೀಜಿಗೆ ಹೋದಾಗ ಎಲ್ಲ ಹುಡುಗಿಯರೂ ನಾಯಕಿಯ ಸೀರೆ ನೋಡಿದರೆ ನಾನು ಖಳನಾಯಕ ಹೇಗೆ ಹುಬ್ಬು ಏರಿಸುತ್ತಾನೆ ಎಂದು ನೋಡುತ್ತಿದ್ದೆ. ವೃತ್ತಿಗೌರವ ಎನ್ನಿ.

ಇಷ್ಟು ಅನುಭವವಿದ್ದ ನನ್ನ ಮನೆಗೆ ಒಂದು ಭಾನುವಾರ ಶಾಹೀನ ಬಂದಳು.

ಶಾಹೀನ ನನ್ನ ಹಳೆಯ ವಿದ್ಯಾರ್ಥಿನಿ. ಇಂಡಿ ಊರಿನವಳು. ಅಪ್ಪನದು ಅಲ್ಲಿ ಲಿಂಬೆಹಣ್ಣಿನ ವ್ಯಾಪಾರ. ಸಿಂದಗಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಓದಿದಳು, ಡಿಗ್ರಿ ಮುಗಿಸಿದ ಮೇಲೆ ಮದುವೆಗಳ ವಿಡಿಯೋ ತೆಗೆಯುವ ಕೆಲಸಕ್ಕೆ ಇಳಿದಳು. ಹೆಂಗಸರ ಕೋಣೆಯೊಳಗೆ, ಅರಿಷಿಣ ಮೆಹಂದಿಯ ಹೊತ್ತಿಗೆ, ಕ್ಯಾಮೆರಾ ಹಿಡಿದು ಹೋಗಬಲ್ಲ ಹುಡುಗಿ ಎಂದು ಎರಡೂ ಸಮಾಜದವರು ಅವಳನ್ನು ಕರೆಯುತ್ತಾರೆ. ಮೆತ್ತಗೆ ಮಾತಾಡುತ್ತಾಳೆ, ಆದರೆ ಒಂದು ಸಲ ಆಡಿದ ಮಾತನ್ನು ಎರಡನೆಯ ಸಲವೂ ಅಷ್ಟೇ ಮೆತ್ತಗೆ, ಒಂದಕ್ಷರ ಬದಲಿಸದೆ ಆಡುತ್ತಾಳೆ.

"ಮೇಡಂ, ಒಂದು ಪಿಚ್ಚರ್ ಮಾಡಾಕತ್ತೇನ್ರಿ. ನೀವು ಆ್ಯಕ್ಟ್ ಮಾಡಬೇಕ್ರಿ."

ನನ್ನ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟೆ. ಅಜ್ಜಿಯ ಪಾತ್ರವೇ, ಅತ್ತೆಯ ಪಾತ್ರವೇ ಎಂದು ವಿಚಾರಿಸಿದೆ.

"ಅಲ್ರಿ. ನೀರು ನಿಲ್ಲಸಾಕಿ ಪಾತ್ರ."

ಕಥೆ ಹೇಳಿದಳು. ಮುಂದೆ ಯಾವಾಗಲೋ ಬರುವ ಕಾಲ. ನಮ್ಮದೇ ಸೀಮೆಯ ಒಂದು ಊರು. ಊರಿನ ಬಾವಿಗಳಿಗೆಲ್ಲ ಕಬ್ಬಿಣದ ಮುಚ್ಚಳ, ಬೀಗ. ನೀರು ಇರುವುದು ಎತ್ತರದ ಒಂದೇ ಟಾಕಿಯಲ್ಲಿ, ಅದರ ಕೀಲಿ ಒಬ್ಬಳ ಕೈಯಲ್ಲಿ. ಅವಳಿಗೆ ಜನ ದೊಡ್ಡಾಕಿ ಎನ್ನುತ್ತಾರೆ. ವರ್ಷಕ್ಕೊಮ್ಮೆ ಹದಿನಾರರ ಮಕ್ಕಳಿಗೆ ಪರೀಕ್ಷೆ. ಮಗು ತೆಗೆದ ಅಂಕ ಎಷ್ಟೋ ಆ ಮನೆಗೆ ವರ್ಷವಿಡೀ ಅಷ್ಟು ನೀರು. ಹೆಚ್ಚು ಅಂಕ ತೆಗೆದ ಮಗುವಿನ ಮನೆಯ ಹಂಡೆ ತುಂಬಿರುತ್ತದೆ, ಫೇಲಾದ ಮಗುವಿನ ಅಜ್ಜ ಬಾಯಾರಿ ಕೂತಿರುತ್ತಾನೆ. ಒಂದು ಓಣಿಯಲ್ಲಿ ಎಲ್ಲರಿಗಿಂತ ಜಾಣೆಯಾದ ಹುಡುಗಿ ಒಬ್ಬಳಿದ್ದಾಳೆ. ಅವಳ ಅಂಕಕ್ಕೆ ಬರುವ ನೀರನ್ನೇ ಹಂಚಿಕೊಂಡು ಅರ್ಧ ಓಣಿ ಕುಡಿಯುತ್ತದೆ. ಆ ಹುಡುಗಿ ಆ ವರ್ಷ ಖಾಲಿ ಪೇಪರು ಕೊಟ್ಟು ಎದ್ದು ಬರುತ್ತಾಳೆ. ಅವಳನ್ನು ನೋಡಿ ಪರೀಕ್ಷೆಯ ಕೋಣೆಯಲ್ಲಿದ್ದ ಎಲ್ಲ ಮಕ್ಕಳೂ ಖಾಲಿ ಪೇಪರು ಕೊಡುತ್ತಾರೆ. ಯಾರಿಗೂ ಅಂಕವಿಲ್ಲದಿದ್ದರೆ ನೀರನ್ನು ಹಂಚುವುದು ಹೇಗೆಂದು ದೊಡ್ಡಾಕಿಗೆ ತಿಳಿಯುವುದಿಲ್ಲ. ಚಿತ್ರದ ಹೆಸರು 'ಮಾರ್ಕಿಗೊಂದು ಕೊಡ'.

ಅವತ್ತು ನಮ್ಮ ಓಣಿಗೆ ನಳ ಬರುವ ದಿನ, ಹಿತ್ತಲಿನಲ್ಲಿ ಬಕೀಟು ತುಂಬುವ ಸಪ್ಪಳ ಕೇಳುತ್ತಿತ್ತು.

"ಈ ಪಾತ್ರಕ್ಕ ನಾನ ಯಾಕ?" ಎಂದು ಕೇಳಿದೆ.

ಶಾಹೀನ ಸಂಕೋಚವಿಲ್ಲದೆ ಹೇಳಿದಳು. "ಪರೀಕ್ಷಾದಾಗ ಪೇಪರ್ ಹಂಚಿದ ಮ್ಯಾಲ ಟೇಬಲ್ ಮುಂದ ನಿಂತು ಒಂದು ಸಲ ಎಲ್ಲಾರನೂ ನೋಡ್ತೀರಲ್ರಿ. ಆ ನೋಟ ಬೇಕ್ರಿ ನನಗ."

ಒಳಗಿನಿಂದ ನಮ್ಮವರು ನಕ್ಕದ್ದು ಕೇಳಿಸಿತು. "ಇಕಿಗೆ ಆ್ಯಕ್ಟಿಂಗ್ ಕಲಸೂದೇನು ಬ್ಯಾಡವಾ, ಇದ್ದಂಗ ನಿಂದರಸು, ಸಾಕು," ಎಂದರು. ಆ ಮಾತಿಗೆ ನಾನು, ದೊಡ್ಡಾಕಿಯ ವೇಷಕ್ಕೆಂದು, ಅವರ ರೇನ್‌ಕೋಟಿಗೆ ಬೆಳ್ಳಿ ಬಣ್ಣ ಬಳಿಯುವ ಶಿಕ್ಷೆ ಕೊಟ್ಟೆ. ಪಾಪ, ನಿವೃತ್ತ ಡ್ರಾಯಿಂಗ್ ಮಾಸ್ತರರು ಬಹಳ ಶ್ರದ್ಧೆಯಿಂದ ಬಳಿದರು.

ಉಳಿದ ತಾರಾಗಣದ ವಿಷಯ ಹೇಳಬೇಕು. ಕೊಡ ಹಿಡಿದು ಸರದಿಯಲ್ಲಿ ನಿಲ್ಲುವವರು ಶಾಹೀನಳ ಸೋದರತ್ತೆಯ ಓಣಿಯ ಜನ. ಅವರಿಗೆ ಅಭಿನಯವೇ ಬೇಕಾಗಲಿಲ್ಲ, ಸರದಿಯಲ್ಲಿ ನಿಂತು ಜಗಳಾಡುವುದನ್ನು ಕ್ಯಾಮೆರಾ ಇದೆ ಎಂದು ನಿಲ್ಲಿಸಲೂ ಇಲ್ಲ. ಭವಿಷ್ಯದ ಪಟ್ಟಣದ ಗೋಡೆಗಳಿಗೆ ಇಂಡಿಯಿಂದ ಅವಳಪ್ಪ ಲಿಂಬೆಹಣ್ಣಿನ ಖಾಲಿ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ತುಂಬಿ ಕಳಿಸಿದರು. ಎಷ್ಟು ಬಣ್ಣ ಬಳಿದರೂ ಆ ಪಟ್ಟಣ ಲಿಂಬೆಯ ವಾಸನೆ ಬೀರುತ್ತಿತ್ತು. ನಾಯಕಿ ಗಿರಿಜಾ. ಕನ್ನೊಳ್ಳಿಯ ಹುಡುಗಿ, ನಮ್ಮ ಕಾಲೇಜಿನಲ್ಲೇ ಎರಡನೆಯ ವರ್ಷದ ಪಿಯುಸಿ, ಸಾಯನ್ಸು. ಅಪ್ಪ ಮಲ್ಲಪ್ಪನದು ಊರಿನಲ್ಲಿ ಹಿಟ್ಟಿನ ಗಿರಣಿ. ಹುಡುಗಿ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ಉತ್ತರ ಹೇಳುವವಳು. ಕ್ಯಾಮೆರಾ ಮುಂದೆ ಮಾತ್ರ ತಲೆ ಎತ್ತಿದಳು, ಎತ್ತಿದ ಮೇಲೆ ಇಳಿಸಲಿಲ್ಲ.

ನನ್ನ ಮೊದಲ ದೃಶ್ಯ ಕಾಲೇಜಿನ ಹಿಂದಿನ ಬಯಲಿನಲ್ಲಿ. ಸರದಿಯವರ ಮುಂದೆ ನಿಂತು ನಾನು ಆಜ್ಞೆ ಮಾಡಬೇಕು. ರಾತ್ರಿಯಿಡೀ ಕಂಠಪಾಠ ಮಾಡಿಕೊಂಡಿದ್ದೆ. ಎದೆಯುಬ್ಬಿಸಿ, "ನೀರು ಬೇಕಾದವರು ಅಂಕಗಳನ್ನು ಗಳಿಸತಕ್ಕದ್ದು," ಎಂದೆ.

ಶಾಹೀನ ಕ್ಯಾಮೆರಾ ನಿಲ್ಲಿಸಿ ಹತ್ತಿರ ಬಂದಳು. "ಮೇಡಂ, ಪುಸ್ತಕದ್ದು ಬ್ಯಾಡ್ರಿ. ಮನ್ಯಾಗ ಸರ್‌ಗೆ ಬೈತೀರಲ್ರಿ, ಹಂಗ ಅನ್ರಿ."

"ಅಲ್ಲ ಶಾಹೀನ, ದೊಡ್ಡಾಕಿ ಊರು ಆಳಾಕಿ. ಆಕಿ ಸ್ವಲ್ಪ ಗಟ್ಟಿ ಕನ್ನಡ ಮಾತಾಡಬೇಕಲ್ಲ?"

"ಆಳಾವರಿಗೆ ಒಂದು ಭಾಷಾ, ನೀರು ಬೇಡಾವರಿಗೆ ಒಂದು ಭಾಷಾ ಮಾಡಂಗಿಲ್ರಿ ನಾನು. ಈ ಊರಾಗ ಎಲ್ಲಾರೂ ನಮ್ಮಂಗ ಮಾತಾಡ್ತಾರ."

ಸರಿ. ಎರಡನೆಯ ಸಲ ನಾನು ನಮ್ಮವರನ್ನು ನೆನೆಸಿಕೊಂಡು, "ನೀರು ಬೇಕಂದ್ರ ಓದ್ರಲೇ," ಎಂದೆ. ಸರದಿಯಲ್ಲಿದ್ದ ಒಬ್ಬಳು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದಳು. ಶಾಹೀನಳ ಮುಖ ಅರಳಿತು.

ಇಷ್ಟರೊಳಗೆ ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದವು. ಗಿರಿಜಾಳದು ಇಳಿದಿತ್ತು. ಫೇಲಾಗುವಷ್ಟಲ್ಲ, ಮನೆಯವರ ನಿದ್ದೆ ಕೆಡಿಸುವಷ್ಟು. ಮರುದಿನ ನಾವು ಬಯಲಿನಲ್ಲಿ ಶೂಟಿಂಗಿಗೆ ಸೇರಿದ್ದಾಗ ಮಲ್ಲಪ್ಪ ಮೋಟರ್‌ಸೈಕಲ್ ಮೇಲೆ ಬಂದ. ಗಿರಣಿಯಿಂದ ನೇರ ಬಂದಿದ್ದನೆಂದು ಹುಬ್ಬಿನ ಮೇಲಿನ ಹಿಟ್ಟೇ ಹೇಳುತ್ತಿತ್ತು. ಜಗಳಕ್ಕೆ ಬಂದಿದ್ದಾನೆ ಎಂದು ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡೆವು. ಅವನು ದನಿ ಏರಿಸಲಿಲ್ಲ.

"ಮೇಡಮ್ಮಾರ, ನೀವರೆ ಹೇಳ್ರಿ," ಎಂದ ನನ್ನ ಕಡೆ ತಿರುಗಿ. "ಈ ಹುಡುಗೂರಿಗೆ ಏನ ಹೇಳಲಿ ನಾನು? ಗಿರಣಿ ಬಿಟ್ಟರ ನನಗ ಮತ್ತೇನೈತಿ? ಈಕಿ ಮಾರ್ಕ್ಸ್ ಮ್ಯಾಲ ನಮ್ಮನಿ ನಿಂತೈತ್ರಿ."

ಬೆಳ್ಳಿ ಕೋಟು ತೊಟ್ಟುಕೊಂಡು ನಾನು ಆ ಅಪ್ಪನಿಗೆ ಏನು ಬುದ್ಧಿ ಹೇಳಲಿ? ಗಿರಿಜಾ ಕೊಡ ಹಿಡಿದುಕೊಂಡೇ ನಿಂತಿದ್ದಳು.

ಶಾಹೀನ ಮುಂದೆ ಬಂದಳು. "ನೀವು ಹೇಳೂದು ಖರೇ ಐತ್ರಿ ಕಾಕಾ. ಕರ್ಕೊಂಡು ಹೋಗ್ರಿ. ಪರೀಕ್ಷಾ ಮುಗಿಯೂತನಕ ನಾನು ಫೋನೂ ಮಾಡಂಗಿಲ್ಲ."

ಮಗಳನ್ನು ಹಿಂದೆ ಕೂರಿಸಿಕೊಂಡು ಮಲ್ಲಪ್ಪ ಹೋದ. ಅವನು ಕಣ್ಮರೆಯಾಗುವುದನ್ನೇ ಕಾಯುತ್ತಿದ್ದವರ ಹಾಗೆ ಎಲ್ಲರೂ ಸಲಹೆ ಕೊಡಲು ಶುರುಮಾಡಿದರು. ಬೇರೆ ಹುಡುಗಿಯನ್ನು ಹಾಕು, ನನ್ನ ತಂಗಿ ಇದ್ದಾಳೆ, ಮುಖಕ್ಕೆ ಬಟ್ಟೆ ಕಟ್ಟಿದರೆ ಯಾರೆಂದು ತಿಳಿಯುವುದಿಲ್ಲ, ಇತ್ಯಾದಿ. ನಾನೂ ನನ್ನ ತರಗತಿಯ ಇಬ್ಬರ ಹೆಸರು ಹೇಳಿದೆ.

"ಬ್ಯಾರೆ ಹುಡುಗಿ ಬ್ಯಾಡ್ರಿ," ಎಂದಳು ಶಾಹೀನ, ಕ್ಯಾಮೆರಾವನ್ನು ಚೀಲಕ್ಕೆ ಇಳಿಸುತ್ತ. "ಖಾಲಿ ಪೇಪರ್ ಕೊಡೂದು ಎಷ್ಟು ತ್ರಾಸ ಅಂತ ಗೊತ್ತಿದ್ದಾಕೀನ ಬೇಕು. ಕಾಯ್ತೇನಿ."

ಕಾದಳು. ನಡುವೆ ಮದುವೆಯ ಹಂಗಾಮು ಬಂತು, ಊರೂರು ಸುತ್ತಿ ಅಕ್ಷತೆ ನಿಕಾಹಗಳನ್ನೆಲ್ಲ ಚಿತ್ರಿಸಿದಳು. ಪಿಚ್ಚರ್ ಏನಾಯಿತು ಎಂದು ಸಿಕ್ಕವರೆಲ್ಲ ಕೇಳುತ್ತಿದ್ದರು. ನಿಂತೇ ಹೋಯಿತಂತೆ ಎಂದು ಅವರೇ ಉತ್ತರವನ್ನೂ ಹೇಳಿಕೊಳ್ಳುತ್ತಿದ್ದರು. "ನಿಂತಿಲ್ರಿ, ಕಾಯಾಕತ್ತೇತಿ," ಎನ್ನುತ್ತಿದ್ದಳು ಶಾಹೀನ. ಪ್ರತಿ ಸಲವೂ ಅದೇ ಮಾತು, ಅದೇ ಮೆತ್ತನೆಯ ದನಿ.

ಪರೀಕ್ಷೆ ಮುಗಿಯಿತು. ಫಲಿತಾಂಶವೂ ಬಂತು. ಗಿರಿಜಾ ಕಾಲೇಜಿಗೇ ಮೊದಲು. ಅದರ ಮರುದಿನ ಮಲ್ಲಪ್ಪ ಮಗಳನ್ನು ಕರೆದುಕೊಂಡು ಪೇಡೆಯ ಪೊಟ್ಟಣದೊಂದಿಗೆ ನಮ್ಮ ಮನೆಗೇ ಬಂದ. ನಾನು ಶಾಹೀನಳನ್ನು ಕರೆಸಿದೆ.

"ಈಗ ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಕೋ ಯವ್ವಾ," ಎಂದ ಅವಳಿಗೆ.

ಶಾಹೀನ ಪೇಡೆ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು, "ಕಾಕಾ, ಅವತ್ತು ನೀವು ಅಂದ ಮಾತು ಪಿಚ್ಚರಿನ್ಯಾಗ ಇಟ್ಕೊಳ್ಳಲೇನ್ರಿ?" ಎಂದು ಕೇಳಿದಳು.

"ಯಾವ ಮಾತು?"

"ಈಕಿ ಮಾರ್ಕ್ಸ್ ಮ್ಯಾಲ ನಮ್ಮನಿ ನಿಂತೈತಿ ಅಂದಿದ್ರಲ್ರಿ."

ಮಲ್ಲಪ್ಪ ಮುಖ ಸಣ್ಣದು ಮಾಡಿಕೊಂಡ. "ಅದೇನು ಡೈಲಾಗ್ ಅಲ್ಲವಾ. ನನ್ನ ಸಂಕಟ ಅದು."

"ಅದಕ್ಕ ಕೇಳಾಕತ್ತೇನ್ರಿ. ನೀವು ಬ್ಯಾಡ ಅಂದ್ರ ಬಿಡ್ತೇನಿ."

ಅವನು ಮಗಳ ಮುಖ ನೋಡಿದ. ಆಮೇಲೆ, "ಹಂಗಾರ ನಾನ ಬಂದು ಅಂತೇನಿ. ಬ್ಯಾರೆಯವರಿಗೆ ಬರಂಗಿಲ್ಲ ಅದು," ಎಂದ. ಹೀಗೆ ನಮ್ಮ ತಾರಾಗಣಕ್ಕೆ ನಾಯಕಿಯ ತಂದೆಯ ಪಾತ್ರಧಾರಿ ಸಿಕ್ಕ.

ಉಳಿದ ಶೂಟಿಂಗು ಆಲಮಟ್ಟಿಯ ಹಿನ್ನೀರಿನ ಅಂಚಿನಲ್ಲಿ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದು ನೆಲ ಬಿರುಕು ಬಿಟ್ಟಿರುತ್ತದೆ, ನಡೆದಷ್ಟೂ ಬಿರುಕು. ದೂರದಲ್ಲಿ ಮಾತ್ರ ನೀರಿನ ಒಂದು ಗೆರೆ. ಅಂಥ ಸೆಟ್ಟನ್ನು ಯಾವ ದೊಡ್ಡ ಕಂಪನಿಯೂ ಹಾಕಲಾರದು. ಬಿಸಿಲಿಗೆ ರೇನ್‌ಕೋಟಿನೊಳಗೆ ನಾನು ಕುಕ್ಕರಿನಲ್ಲಿಟ್ಟ ಗೆಣಸಿನ ಹಾಗೆ ಬೇಯುತ್ತಿದ್ದೆ. ನಮ್ಮವರು ಛತ್ರಿ ಹಿಡಿದು ನಿಂತಿರುತ್ತಿದ್ದರು, ಶಾಹೀನ ಕೈ ಎತ್ತಿದ ಕೂಡಲೇ ಛತ್ರಿಯೊಂದಿಗೆ ಓಡಿ ಚೌಕಟ್ಟಿನಾಚೆ ಹೋಗುತ್ತಿದ್ದರು. ಮೀನು ಹಿಡಿಯುವವನೊಬ್ಬ ಬಲೆ ಹೆಗಲಿಗೇರಿಸಿ ನಮ್ಮ ಭವಿಷ್ಯದ ನಡುವೆಯೇ ನಡೆದುಹೋದ. ಹೋಗುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಇಲಾಖಾದವರ್ರಿ?" ಎಂದು ಕೇಳಿದ. ಆ ತುಣುಕನ್ನು ಶಾಹೀನ ಚಿತ್ರದಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾಳೆ.

ಮಲ್ಲಪ್ಪ ಗಿರಣಿಯ ಹಿಟ್ಟು ಹುಬ್ಬಿನ ಮೇಲಿರುವಂತೆಯೇ ಬಂದು ತನ್ನ ಮಾತನ್ನು ಒಂದೇ ಸಲಕ್ಕೆ ಹೇಳಿದ. ಹೇಳಿದ ಮೇಲೆ ಬಲಗೈಯಿಂದ ಮುಖ ಒರೆಸಿಕೊಂಡು ದೂರ ಹೋಗಿ ನಿಂತ. ಎರಡನೆಯ ಸಲ ಬೇಡ ಎಂದಳು ಶಾಹೀನ.

ಇನ್ನು ವಿಮರ್ಶೆಯ ಕಥೆ.

ವಿಜಯಪುರದಲ್ಲಿ ಕಿರುಚಿತ್ರಗಳ ಸ್ಪರ್ಧೆಯೊಂದು ನಡೆಯಿತು. ನಮ್ಮದನ್ನೂ ಆರಿಸಿದ್ದರು. ನಾನು ಹೊಸ ಇಳಕಲ್ ಸೀರೆ ಉಟ್ಟು, ಮಲ್ಲಪ್ಪ ಇಸ್ತ್ರಿ ಅಂಗಿ ತೊಟ್ಟು, ಎಲ್ಲರೂ ಒಂದೇ ಕ್ರೂಸರ್ ಗಾಡಿಯಲ್ಲಿ ಹೋದೆವು. ಸಭಾಂಗಣದ ತುಂಬ ಬೇರೆ ಬೇರೆ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು. ದೀಪ ಆರಿತು. ಬಿರುಕು ನೆಲ ಕಂಡಾಗ ಎಲ್ಲರೂ ಗಪ್ಪಾದರು. ನನ್ನ ಎದೆ ಹಿಗ್ಗಿತು. ಆಮೇಲೆ ಪರದೆಯ ಮೇಲೆ ನಾನು ಬಂದೆ. "ನೀರು ಬೇಕಂದ್ರ ಓದ್ರಲೇ," ಎಂದೆ.

ಸಭಾಂಗಣ ಗೊಳ್ಳೆಂದು ನಕ್ಕಿತು.

ಆ ನಗು ನಿಲ್ಲಲಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ಬಂತು. ಮಲ್ಲಪ್ಪ ಪರದೆಯ ಮೇಲೆ ತನ್ನ ಸಂಕಟವನ್ನು ಹೇಳಿಕೊಂಡಾಗಲೂ ಎಲ್ಲೋ ಹಿಂದಿನಿಂದ ಒಂದಿಷ್ಟು ಜನ ನಕ್ಕರು. ಅವರ ತಪ್ಪೆನ್ನಲಾರೆ. ಸಿನಿಮಾಗಳಲ್ಲಿ ನಮ್ಮ ಮಾತು ಬಂದರೆ ನಗಬೇಕೆಂದು ಅವರಿಗೆ ರೂಢಿಯಾಗಿತ್ತು. ಮಲ್ಲಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಇಸ್ತ್ರಿ ಅಂಗಿಯ ತೋಳಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಿದ್ದ.

ಚಿತ್ರಗಳೆಲ್ಲ ಮುಗಿದ ಮೇಲೆ ಮುಖ್ಯ ತೀರ್ಪುಗಾರರು ನಮ್ಮ ಹತ್ತಿರ ಬಂದರು. ಹೆಸರುಳ್ಳ ವಿಮರ್ಶಕರು, ಸಜ್ಜನರು. ಕ್ಯಾಮೆರಾ ಕೆಲಸವನ್ನು ಮೆಚ್ಚಿಕೊಂಡರು. ಗಿರಿಜಾಳ ಕಣ್ಣುಗಳ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿದರು. ನನ್ನ ಬಗ್ಗೆ, ಸರ್ವಾಧಿಕಾರಿಗಿಂತ ಹೆಚ್ಚಾಗಿ ಪಕ್ಕದ ಮನೆಯ ಅತ್ತೆಯಂತೆ ಕಾಣುತ್ತೀರಿ ಎಂದರು. ಮೂರು ದಶಕ ತರಗತಿಗಳನ್ನು ನಡುಗಿಸಿದವಳಿಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಶಾಹೀನಳ ಕಡೆ ತಿರುಗಿದರು.

"ನೋಡಮ್ಮ, ಇದು ಭವಿಷ್ಯದ ಕಥೆ. ಈ ಭಾಷೆ ಕೇಳಿದ ಕೂಡಲೇ ಜನಕ್ಕೆ ಹಾಸ್ಯ ನೆನಪಾಗುತ್ತದೆ, ನೀವೇ ನೋಡಿದಿರಿ. ಸಂಭಾಷಣೆಯನ್ನು ಶಿಷ್ಟ ಕನ್ನಡಕ್ಕೆ ಡಬ್ ಮಾಡಿಕೊಡಿ. ದೊಡ್ಡ ಉತ್ಸವಕ್ಕೆ ನಾನೇ ಶಿಫಾರಸು ಮಾಡುತ್ತೇನೆ."

ಶಾಹೀನ ಕೇಳಿದಳು, "ಸರ್, ನೂರು ವರ್ಷದ ಮ್ಯಾಲ ನಾವು ಇರಂಗಿಲ್ಲೇನ್ರಿ?"

"ಅಂದರೆ?"

"ನಮ್ಮ ಇಂಡಿ, ಸಿಂದಗಿ ಮಂದಿ ಇರಂಗಿಲ್ಲೇನ್ರಿ?"

"ಇರುತ್ತೀರಿ. ಯಾಕೆ ಇರುವುದಿಲ್ಲ?"

"ಇದ್ದರ ಹ್ಯಾಂಗ ಮಾತಾಡ್ತೇವ್ರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗೆ ನಾನು ಯೋಚಿಸಿರಲಿಲ್ಲ," ಎಂದು ಪ್ರಾಮಾಣಿಕವಾಗಿಯೇ ಹೇಳಿದರು. "ಆದರೂ ಉತ್ಸವದವರು ಕೇಳುವುದು ಶಿಷ್ಟ ಕನ್ನಡವನ್ನೇ. ವಿಚಾರ ಮಾಡಿ ನೋಡಿ."

ವಾಪಸು ಬರುವಾಗ ಕ್ರೂಸರಿನಲ್ಲಿ ನಾನೇ ಶಾಹೀನಳಿಗೆ ಹೇಳಿದೆ, "ಡಬ್ ಮಾಡೂಣು. ಡೈಲಾಗ್ ನಾ ಬರದು ಕೊಡ್ತೇನಿ, ನನಗೇನು ದೊಡ್ಡ ಕೆಲಸಲ್ಲ." ಗಿರಿಜಾಳೂ ಹೂಂ ಎಂದಳು. ಅಷ್ಟು ದೊಡ್ಡ ಜಾಗದಲ್ಲಿ ತನ್ನ ಮುಖ ಕಾಣುತ್ತದೆಂದರೆ ಯಾವ ಹುಡುಗಿಗೆ ಆಸೆಯಾಗುವುದಿಲ್ಲ? ಶಾಹೀನ ಕಿಟಕಿಯಾಚೆ ನೋಡುತ್ತ, "ಒಂದು ಸೀನ್ ಮಾಡಿ ನೋಡೂಣ್ರಿ," ಎಂದಳು.

ನಮ್ಮ ಮನೆಯ ಒಳಕೋಣೆಯ ಕಿಟಕಿ ಬಾಗಿಲುಗಳಿಗೆ ಕೌದಿ ಕಟ್ಟಿ ಸಪ್ಪಳ ಬಾರದಂತೆ ಮಾಡಿದೆವು. ನಾನು ಬಹಳ ಮುತುವರ್ಜಿಯಿಂದ ಸಂಭಾಷಣೆ ಬರೆದಿದ್ದೆ. ಒಂದು ಅಲ್ಪಪ್ರಾಣ ಮಹಾಪ್ರಾಣ ತಪ್ಪಿರಲಿಲ್ಲ. ಮೊದಲು ಗಿರಿಜಾ ಓದಿದಳು. ಜಾಣೆ, ಅಚ್ಚುಕಟ್ಟಾಗಿಯೇ ಓದಿದಳು. ತಲೆ ಮಾತ್ರ ಮತ್ತೆ ತಗ್ಗಿತ್ತು. ಆಮೇಲೆ ಮಲ್ಲಪ್ಪ. ಹಾಳೆಯನ್ನು ದೂರ ಹಿಡಿದು, ಒಂದೊಂದೇ ಪದ ಕೂಡಿಸಿ ಹೇಳಿದ.

"ಈಕೆಯ ಅಂಕಗಳ ಮೇಲೆ ನಮ್ಮ ಮನೆ ನಿಂತಿದೆ."

ಹೇಳಿ ತಲೆ ಎತ್ತಿದ. ಶಾಹೀನ ಅದನ್ನು ಮಲ್ಲಪ್ಪನದೇ ಚಿತ್ರಕ್ಕೆ ಹೊಂದಿಸಿ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದಳು. ಬಿರುಕು ನೆಲ, ಹಿಟ್ಟಿನ ಹುಬ್ಬು, ಒರೆಸಿಕೊಳ್ಳುವ ಕೈ. ಅದರ ಮೇಲೆ ಈ ಮಾತು. ಮಲ್ಲಪ್ಪ ಎರಡು ಸಲ ನೋಡಿದ. ಆಮೇಲೆ ಕೇಳಿದ.

"ಇದು ಯಾರ ಮನಿ ಸುದ್ದಿ?"

ಚೇಷ್ಟೆಗೆ ಕೇಳಿದ್ದಲ್ಲ, ಖರೇನೇ ಕೇಳಿದ. ನಾನು ಬರೆದ ವಾಕ್ಯದಲ್ಲಿ ಹುಡುಕಿದೆ, ತಪ್ಪು ಎಲ್ಲಿಯೂ ಇರಲಿಲ್ಲ. ಮಲ್ಲಪ್ಪನೂ ಎಲ್ಲಿಯೂ ಇರಲಿಲ್ಲ.

ಶಾಹೀನ ಅದನ್ನು ಅಳಿಸಿದಳು. "ಆತ್ರಿ. ಇದ್ದಂಗ ಇರ್ತೈತಿ," ಎಂದಳು.

"ಮತ್ತ ಉತ್ಸವ?" ಎಂದಳು ಗಿರಿಜಾ.

"ಅವರಿಗೆ ಬ್ಯಾಡಾದ್ರ ಬ್ಯಾಡ. ಯಾರ ಮಾತದಾವೋ ಅವರಿಗೆ ತೋರಸೂಣು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಕೂ ತಾಲೂಕಿಗೆ ಹೋಗೂಣು." ಗಿರಿಜಾ ಸ್ವಲ್ಪ ಹೊತ್ತು ಉಗುರು ನೋಡಿಕೊಂಡು ಕೂತಿದ್ದಳು. ಆಮೇಲೆ ಎದ್ದು ಕಿಟಕಿಯ ಕೌದಿಗಳನ್ನು ಬಿಚ್ಚತೊಡಗಿದಳು. "ಮೊದಲ ಎಲ್ಲಿ ಹೋಗೂದಕ್ಕಾ?" ಎಂದು ಕೇಳಿದಳು, ಬೆನ್ನು ಹಾಕಿಕೊಂಡೇ.

ಮೊದಲು ಇಂಡಿಗೆ ಹೋದೆವು. ಒಂದು ಕಲ್ಯಾಣ ಮಂಟಪದಲ್ಲಿ ಪರದೆ ಕಟ್ಟಿದೆವು. ಬಂದವರಲ್ಲಿ ಲಿಂಬೆ ವ್ಯಾಪಾರಿಗಳೇ ಜಾಸ್ತಿ. ಭವಿಷ್ಯದ ಪಟ್ಟಣದ ಗೋಡೆ ಕಂಡಾಗ ಒಬ್ಬರು, "ನಮ್ಮ ಪೆಟಗಿ ಅಲ್ಲೇನ್ರಿ ಅವು?" ಎಂದು ಕೂಗಿದರು. ಅದಕ್ಕೆ ನಕ್ಕರು. ನನ್ನ ಮಾತಿಗೆ ಯಾರೂ ನಗಲಿಲ್ಲ. "ಓದ್ರಲೇ" ಎಂದಾಗ ಸಭೆಯ ನಡುವೆ ಕೂತ ಮಕ್ಕಳ ಬೆನ್ನು ಸೆಟೆದದ್ದು ಕಂಡಿತು. ಶಾಹೀನಳ ಅಪ್ಪ ಕೊನೆಯವರೆಗೂ ನಿಂತೇ ನೋಡಿದರು. ಮುಗಿದ ಮೇಲೆ ಮಗಳಿಗೆ, "ಸ್ವಲ್ಪ ಲಗೂ ಮುಗದಂಗಾತು ಬೇಟಾ," ಎಂದರು. ಇನ್ನಷ್ಟು ಹೊತ್ತು ನಡೆಯಬೇಕಿತ್ತು ಎಂದರ್ಥ. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಬಾಯಿಂದ ಬರುವುದಿಲ್ಲವಂತೆ.

ಸಿಂದಗಿಯಲ್ಲಿ ನನ್ನ ವಿದ್ಯಾರ್ಥಿಗಳು ನಾನು ಪರದೆಯ ಮೇಲೆ ಬಂದ ಕೂಡಲೇ ಸಿಳ್ಳೆ ಹಾಕಿ, ನಿಜವಾದ ನಾನು ತಿರುಗಿ ನೋಡಿದ ಕೂಡಲೇ ನಿಲ್ಲಿಸಿದರು. ಬಾಗೇವಾಡಿಗೆ ಮಸೂತಿಯಿಂದ ನಮ್ಮಣ್ಣ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದ. ಎಲ್ಲ ನೋಡಿ, "ಯಮನ ಪಾರ್ಟು ಇದಕ್ಕಿಂತ ಚಲೋ ಮಾಡಿದ್ದಿ," ಎಂದು ತೀರ್ಪು ಕೊಟ್ಟ. ಒಬ್ಬ ವಕೀಲರು ಖಾಲಿ ಪೇಪರು ಕೊಡುವುದು ಮಕ್ಕಳಿಗೆ ಕೆಟ್ಟ ಪಾಠ ಎಂದು ಎದ್ದು ನಿಂತು ವಾದಿಸಿದರು. ಅವರಿಗೆ ಉತ್ತರ ಕೊಟ್ಟವನು ಮಲ್ಲಪ್ಪ. "ನನ್ನ ಮಗಳು ಕಾಲೇಜಿಗೆ ಫಸ್ಟ್ ಅದಾಳ್ರಿ. ಆದರೂ ಈ ಪಿಚ್ಚರ್ ಖರೇ ಐತಿ ಅಂತ ನಾ ಹೇಳ್ತೇನಿ," ಎಂದ. ಅಷ್ಟು ಜನರ ಮುಂದೆ ಅವನು ಮಾತಾಡಿದ್ದು ಅದೇ ಮೊದಲಂತೆ. ಗಿರಿಜಾ ಅಪ್ಪನನ್ನೇ ನೋಡುತ್ತಿದ್ದಳು.

ದೊಡ್ಡ ಉತ್ಸವಕ್ಕೆ ನಮ್ಮ ಚಿತ್ರ ಹೋಗಲಿಲ್ಲ. ಹಾಗಿದ್ದ ಮೇಲೆ ಏನುಪಯೋಗ ಎಂದು ಇವತ್ತಿಗೂ ಕೆಲವರು ಕೇಳುತ್ತಾರೆ. ಅವರಿಗೆ ನಾನು ಮುದ್ದೇಬಿಹಾಳದ ಸುದ್ದಿ ಹೇಳುತ್ತೇನೆ.

ಮುದ್ದೇಬಿಹಾಳದ್ದು ಕಡೆಯ ಪ್ರದರ್ಶನ. ಒಂದು ಸಾಲಿಯ ಸಭಾಗೃಹದಲ್ಲಿ, ಮಧ್ಯಾಹ್ನ. ಹೆಂಗಸರು, ಸಾಲಿಯ ಹುಡುಗಿಯರು ತುಂಬಿದ್ದರು. ಮುಂದಿನ ಚಾಪೆಯ ಮೇಲೆ ಒಬ್ಬ ಮುದುಕಿ ಮೊಮ್ಮಗಳ ಜೊತೆ ಕೂತಿದ್ದಳು. ಆ ಹುಡುಗಿ ಹತ್ತನೆಯ ತರಗತಿಯಲ್ಲಿ ಎರಡು ವಿಷಯಗಳಲ್ಲಿ ಫೇಲಾಗಿ, ಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದ್ದಳೆಂದು ಅಲ್ಲಿಯ ಟೀಚರು ಆಮೇಲೆ ಹೇಳಿದರು. ಮುದುಕಿಯೇ ಅವತ್ತು ಕೈಹಿಡಿದು ಎಬ್ಬಿಸಿ ತಂದಿದ್ದಳಂತೆ.

ಚಿತ್ರ ಮುಗಿದು ಕಿಟಕಿಗಳ ಪರದೆ ಸರಿಸಿದರು. ಯಾರೂ ಲಗೂನೆ ಏಳಲಿಲ್ಲ. ಮುದುಕಿ ಮಾತ್ರ ಎದ್ದು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು, ನೆಟ್ಟಗೆ ನಾನು ಕೂತಲ್ಲಿಗೆ ಬಂದಳು.

"ನೀನ ಏನು ಆಕಿ?"

"ಹೌದ್ರೀ ಅವ್ವಾ."

"ಖರೇನೂ ಸಾಲಿ ಕಲಸಾಕೀನ ಅಂತಲ್ಲ ನೀನು?"

"ಹೌದ್ರಿ. ಸಿಂದಗಿಯೊಳಗ."

ಅವಳು ನನ್ನ ಮುಖವನ್ನು ಹತ್ತಿರದಿಂದ ನೋಡಿದಳು. ಸಿಟ್ಟಿರಲಿಲ್ಲ. ಲೆಕ್ಕ ಕೇಳಲು ಬಂದ ಹಿರಿಯರ ಮುಖ ಇರುತ್ತದಲ್ಲ, ಹಾಗಿತ್ತು.

"ಮಾರ್ಕ್ಸ್ ಕಡಿಮಿ ಬಿದ್ದ ಹುಡುಗೂರಿಗೂ ನೀರಡಿಕಿ ಆಗ್ತೈತಿ," ಎಂದಳು. "ಅವರದು ನಿಲ್ಲಸಬ್ಯಾಡ."

ಅದು ಪಿಚ್ಚರು, ಅದು ನಾನಲ್ಲ ಎಂದು ಹೇಳಬಹುದಿತ್ತು. "ಇಲ್ರೀ ಅವ್ವಾ," ಎಂದೆ.

"ಬರೇ ಬಾಯಿಲೆ ಬ್ಯಾಡ. ಆಣಿ ಮಾಡು."

ಅಂಗೈ ಚಾಚಿದಳು. ಕೆಲಸ ಮಾಡಿ ಮಾಡಿ ಒರಟಾದ ಅಂಗೈ. ಸಭಾಗೃಹದಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದ್ದರು. ಶಾಹೀನ ಕ್ಯಾಮೆರಾದತ್ತ ಕೈ ಒಯ್ದಳು, ಆಮೇಲೆ ಏನೆನ್ನಿಸಿತೋ ಅದನ್ನು ಮುಟ್ಟದೆ ಬಿಟ್ಟಳು. ನಾನು ಎದ್ದು ನಿಂತು ಆ ಅಂಗೈ ಮೇಲೆ ನನ್ನ ಕೈ ಇಟ್ಟೆ.

"ನಿಲ್ಲಸಂಗಿಲ್ಲ," ಎಂದೆ.

"ಜೋರಾಗಿ ಅನ್ನು," ಎಂದಳು ಮುದುಕಿ. "ಇಕಿಗೆ ಕೇಳಲಿ."

ನಾನು ಮೊಮ್ಮಗಳ ಮುಖ ನೋಡಿ ಜೋರಾಗಿ ಅಂದೆ.